ಇಪ್ಪತ್ತು ಕಳೆದು ಬರೀರಿ

ಇವತ್ತು ನಸುಕಿನಲ್ಲೇ ನಳ ಬಂತು, ಒಂಬತ್ತು ಕೊಡ ತುಂಬಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಅತ್ತೆಯ ಗುಳಿಗೆಗಳನ್ನು ಮುಂಜಾನೆಯವು ಬೇರೆ, ಸಂಜೆಯವು ಬೇರೆ ಮಾಡಿ ಎರಡು ಬಟ್ಟಲಲ್ಲಿಟ್ಟೆ. ಬಿ.ಪಿ. ಮಶೀನಿನ ತೋಳಪಟ್ಟಿಯ ಹೊಲಿಗೆ ಬಿಚ್ಚಿತ್ತು, ಕರಿ ದಾರದಿಂದ ಹೊಲಿದೆ. ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಕಟ್ಟಿಕೊಂಡು ಮೈಲೂರಿನ ಮನೆಯಿಂದ ಬೀದರ ಬಸ್‌ಸ್ಟ್ಯಾಂಡಿಗೆ ಹೋಗಿ ಔರಾದ ಬಸ್ ಹತ್ತಿದೆ. ಔರಾದಿಂದ ಮುಂದೆ ಟಂಟಂ ಆಟೋ ಹಿಡಿದು ಒಂದು ಹಳ್ಳಿಗೆ ಹೋದೆ. ಅಲ್ಲಿ ಒಬ್ಬಾಕಿಯ ಬಿ.ಪಿ. ನೋಡಿದೆ, ಬರೆದುಕೊಂಡೆ, ತಿರುಗಿ ಬಂದೆ.

ಇಷ್ಟೇ. ಆದರೆ ಈ ಕೊನೆಯ ಕೆಲಸ ಮುಗಿಯಲು ಹದಿಮೂರು ತಿಂಗಳು ಹಿಡಿಯಿತು. ಅದನ್ನು ನನಗೆ ಹಚ್ಚಿದ ಮನುಷ್ಯ ತೀರಿಹೋಗಿ ಇವತ್ತಿಗೆ ಹನ್ನೊಂದು ದಿನ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಾವು ಅಣ್ಣಾರು ಅನ್ನುತ್ತಿದ್ದೆವು. ಬೀದರಿನ ಒಂದು ಸಣ್ಣ ಧರ್ಮಾರ್ಥ ದವಾಖಾನೆಯಲ್ಲಿ ಅವರು ರಕ್ತ ತೆಗೆಯುವವರು, ಬಿ.ಪಿ. ನೋಡುವವರು. ನಾನು ರಿಜಿಸ್ಟರ್ ಬರೆಯುವವಳು. ವಾರಕ್ಕೆ ನಾಲ್ಕು ದಿನ ಇಬ್ಬರೂ ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಗೆ ಕ್ಯಾಂಪಿಗೆ ಹೋಗುತ್ತಿದ್ದೆವು. ಹಳ್ಳಿಯವರು ಅವರನ್ನು ಡಾಕ್ಟರ್ ಸಾಬ್ ಅನ್ನುತ್ತಿದ್ದರು. ನಾ ಡಾಕ್ಟರ್ ಅಲ್ರಿ, ಬರೇ ನೋಡಾಂವ, ಹೇಳಾವ್ರು ಬೀದರನಾಗ ಕುಂತಾರ ಅಂತ ಪ್ರತಿ ಸಲವೂ ತಿದ್ದುತ್ತಿದ್ದರು.

ಒಣಕಲು ಮೈ. ಎರಡು ಅಂಗಿ, ಎರಡೂ ಬಿಳಿ. ಕೆಳತುಟಿಯ ಹಿಂದೆ ಯಾವಾಗಲೂ ಸುಣ್ಣ ತಂಬಾಕು. ಜನರಿಗೆ ತಂಬಾಕು ಬಿಡ್ರಿ, ಉಪ್ಪು ಕಮ್ಮಿ ಮಾಡ್ರಿ ಅಂತ ಹೇಳುವಾಗ ಯಾರಾದರೂ ನಕ್ಕರೆ, ನಾ ಹೇಳಿದ್ದು ಕೇಳ್ರಿ, ನನ್ನ ಬಾಯಿ ನೋಡಬ್ಯಾಡ್ರಿ, ಇದು ನಂದೊಂದು ಐಬು ಅನ್ನುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ರೊಟ್ಟಿಯ ಮೇಲೆ ಮಾವಿನ ಉಪ್ಪಿನಕಾಯಿಯ ರಸ, ಬೇರೇನೂ ಇಲ್ಲ.

ಅವರ ದೊಡ್ಡ ಹಟ ಅಂದರೆ ಐದು ಮಿನಿಟು. ಯಾರೇ ಬರಲಿ, ಬಂದ ಕೂಡಲೇ ತೋಳಿಗೆ ಪಟ್ಟಿ ಸುತ್ತುತ್ತಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂಡಿಸುತ್ತಿದ್ದರು. ಕಾಲ ಮೇಲೆ ಕಾಲು ಹಾಕುವಂತಿಲ್ಲ, ಮಾತಾಡುವಂತಿಲ್ಲ. ಹಿಂದೆ ನಿಂತವರು ಗಡಿಬಿಡಿ ಮಾಡಿದರೆ ಕೈ ಎತ್ತಿ, ಅಕಿ ಎದಿ ಇನ್ನಾ ದಾರ್ಯಾಗೇ ಅದ, ಬರ್ಲಿ ತಡೀರಿ ಅನ್ನುತ್ತಿದ್ದರು. ಮಳೆ ಕೈಕೊಟ್ಟು ಎರಡನೆಯ ವರ್ಷ ಅದು. ಹಲಬರ್ಗಾದಲ್ಲಿ ಒಬ್ಬ ಹೆಣ್ಣುಮಗಳು ಎರಡು ಮೈಲಿಯಿಂದ ನೀರು ಹೊತ್ತು ತಂದವಳು, ಕೊಡ ಇಳಿಸಿ ಹಾಗೆಯೇ ಸಾಲಿನಲ್ಲಿ ನಿಂತಿದ್ದಳು. ಅವಳನ್ನು ಕೂಡಿಸಿದರು. ಎರಡು ಮಿನಿಟಾಗುವುದರಲ್ಲಿ ಅವಳ ಕಣ್ಣಿಂದ ನೀರು. ನಾನು ಏನಾಯ್ತವ್ವಾ ಅಂತ ಕೇಳಿದೆ. ಏನಿಲ್ಲ ಅಕ್ಕಾ, ಕುಂಡ್ರು ಅಂತ ಯಾರೂ ಅಂದಿದ್ದಿಲ್ಲ ಅಂದಳು. ಆಮೇಲೆ ಆ ಊರಲ್ಲಿ ಬಿ.ಪಿ. ಇರಲಿ ಬಿಡಲಿ, ಬರೇ ಆ ಐದು ಮಿನಿಟಿಗಾಗಿ ಹೆಂಗಸರು ಬರುತ್ತಿದ್ದರು. ಅಣ್ಣಾರು ಯಾರನ್ನೂ ತಿರುಗಿ ಕಳಿಸಲಿಲ್ಲ.

ಆ ವರ್ಷ ನಮ್ಮ ಡಾಕ್ಟರ್ ಮೇಡಂಗೆ ಒಂದು ಪ್ರಶ್ನೆ ಹತ್ತಿಕೊಂಡಿತ್ತು. ಬೊಜ್ಜಿಲ್ಲದ, ವಯಸ್ಸಾಗದ ಜನರಲ್ಲೂ ಬಿ.ಪಿ. ಯಾಕೆ ಏರುತ್ತಿದೆ ಅಂತ. ಉಪ್ಪು, ತಂಬಾಕು, ಮನೆತನದಲ್ಲಿ ಬಂದದ್ದು, ನಿದ್ದೆಗೇಡು, ಚಿಂತೆ ಇವೆಲ್ಲ ಗೊತ್ತಿದ್ದವೇ. ಅದರ ಜೊತೆಗೆ ಹೋಮೋಸಿಸ್ಟೀನ್ ಅಂತ ಒಂದನ್ನು ರಕ್ತದಲ್ಲಿ ನೋಡೋಣ ಅಂದರು. ಉಂಡದ್ದು ಮೈಯೊಳಗೆ ಬಳಕೆಯಾಗುವಾಗ ಹುಟ್ಟುವ ಪದಾರ್ಥವಂತೆ ಅದು. ಹುಟ್ಟಿದ ಹಾಗೆ ಖರ್ಚಾಗಬೇಕು. ಖರ್ಚಾಗಲು ಸೊಪ್ಪು, ಕಾಳು, ಹಾಲು, ಮೊಸರಿನಲ್ಲಿರುವ ಜೀವಸತ್ವ ಬೇಕು. ಅವು ಸಿಗದಿದ್ದರೆ ಉಳಿದು ಜಮಾ ಆಗುತ್ತದೆ. ಜಮಾ ಆದವರಲ್ಲಿ ಬಿ.ಪಿ.ಯೂ ಏರಿರುವುದು ಕಂಡುಬರುತ್ತದೆ, ಆದರೆ ಇದರಿಂದಲೇ ಅದು ಅಂತ ಮಾತ್ರ ಬರೆಯಬೇಡಿ, ಎರಡೂ ಒಂದೇ ಮನೆಯಲ್ಲಿ ಇರುತ್ತವೆ, ಯಾರು ಯಾರನ್ನು ಕರೆತಂದರು ಅನ್ನುವುದು ಇನ್ನೂ ಪಕ್ಕಾ ಇಲ್ಲ ಅಂತ ಮೇಡಂ ನನಗೆ ಎರಡು ಸಲ ಹೇಳಿದ್ದರು.

ಅಣ್ಣಾರು ಇದನ್ನು ಹಳ್ಳಿಯಲ್ಲಿ ಬೋಗಾಣಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಅಡಿಗೆ ಮಾಡಿದ ಮೇಲೆ ಬೋಗಾಣಿ ತಿಕ್ಕಬೇಕಲ್ಲ, ಸೊಪ್ಪಿನ ಪಲ್ಯ, ಹಾಲು ಅಂದರೆ ತಿಕ್ಕುವ ಬೂದಿ, ಬೂದಿ ಇಲ್ಲದಿದ್ದರೆ ಜಿಡ್ಡು ಉಳಿಯುತ್ತದೆ ಅಂತ. ಒಬ್ಬ ಮುದುಕಿ ಸೆರಗು ಬಾಯಿಗೆ ಹಿಡಿದು, "ಬೂದಿ ಮನಿತುಂಬ ಅದ ನಮ್ಮಪ್ಪಾ, ಅಡಗಿನೇ ಇಲ್ಲ" ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಣ್ಣಾರೇ. ಅವರ ಸ್ವಂತ ಮನೆ ಭಾಲ್ಕಿಯಲ್ಲಿ. ಅಲ್ಲಿಯೂ ಹಾಲಿರಲಿಲ್ಲ. ಎಮ್ಮೆಯನ್ನು ಮೇವಿನ ಕ್ಯಾಂಪಿಗೆ ಬಿಟ್ಟಿದ್ದರು. ಎಮ್ಮಿ ಆ ಕ್ಯಾಂಪಿನ್ಯಾಗ, ನಾ ಈ ಕ್ಯಾಂಪಿನ್ಯಾಗ, ಇಬ್ಬರಿಗೂ ಬಿಡುಗಡಿ ಇಲ್ಲ ಅನ್ನುತ್ತಿದ್ದರು. ಕರಿ ಚಹಾ ಕುಡಿಯುತ್ತಿದ್ದರು.

ಈ ರಕ್ತದ ಕೆಲಸದಲ್ಲಿ ಒಂದು ಫಜೀತಿ ಇತ್ತು. ತೆಗೆದ ರಕ್ತವನ್ನು ಬೆಚ್ಚಗಿರುವಲ್ಲಿ ಇಟ್ಟರೆ ಅದರೊಳಗಿನ ಕೆಂಪು ಕಣಗಳು ಆ ಪದಾರ್ಥವನ್ನು ಇನ್ನೂ ಬಿಡುತ್ತಲೇ ಇರುತ್ತವೆ. ಆಗ ಇಲ್ಲದ್ದು ಇದ್ದಂತೆ ತೋರಿಸುತ್ತದೆ. ಅದಕ್ಕೆ ತೆಗೆದ ಕೂಡಲೇ ಐಸಿನಲ್ಲಿಟ್ಟು, ತಾಸಿನೊಳಗೆ ರಕ್ತ ತಿರುಗಿಸುವ ಬೇರೆ ಮಶೀನಿನಲ್ಲಿ ಹಾಕಿ ಮೇಲಿನ ತಿಳಿ ಬೇರೆ ಮಾಡಬೇಕು. ಕುಡಿಯಲು ನೀರಿಲ್ಲದ ಬೇಸಿಗೆಯಲ್ಲಿ ಐಸು ಎಲ್ಲಿಂದ ತರುವುದು? ಔರಾದಿನ ಒಬ್ಬ ಕುಲ್ಫಿಯವನನ್ನು ಅಣ್ಣಾರು ಗೆಳೆಯ ಮಾಡಿಕೊಂಡಿದ್ದರು. ಥರ್ಮಾಸ್ ತುಂಬಿಸಿಕೊಂಡು, ಕರಗೀತು ಅಂತ ಬಿಸಿಲಲ್ಲಿ ಓಡುತ್ತಲೇ ಬರುತ್ತಿದ್ದರು. ಐವತ್ತಾರರ ಮನುಷ್ಯ, ಅಂಗಿ ಬೆನ್ನಿಗೆ ಅಂಟಿರುತ್ತಿತ್ತು.

ಮೊದಲ ಸಲ ಐಸು ನಿಲ್ಲುತ್ತದೋ ಇಲ್ಲವೋ ನೋಡಲು ತಮ್ಮ ರಕ್ತವನ್ನೂ ಒಂದು ಶೀಶೆ ತೆಗೆದು ಜೊತೆಗೆ ಕಳಿಸಿದರು. ರಿಪೋರ್ಟಿನಲ್ಲಿ ಅವರದೇ ಎಲ್ಲರಿಗಿಂತ ಹೆಚ್ಚು. ನಾನು ಚೀಟಿ ತೋರಿಸಿದೆ. ಕುಲ್ಫಿಯಂವ ಮೋಸ ಮಾಡ್ಯಾನ, ಐಸು ಕರಗಿರಬೇಕು ಅಂದರು. ಉಳಿದ ಶೀಶೆಗಳೂ ಅದೇ ಥರ್ಮಾಸಿನಲ್ಲಿದ್ದವು, ಅವುಗಳಲ್ಲಿ ಬಹಳಷ್ಟು ಸರಿಯಾಗಿಯೇ ಬಂದಿದ್ದವು. ನನ್ನ ಕೈಯಲ್ಲೇ ಬರೆದಿದ್ದೆ. ಬರೆದೆ, ಓದಲಿಲ್ಲ.

ಅವರ ಇನ್ನೊಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ದಿನಾ ಕ್ಯಾಂಪು ಶುರುವಾಗುವ ಮೊದಲು ಮಶೀನನ್ನು ತಮ್ಮ ಕೈಗೇ ಕಟ್ಟಿ ನೋಡುತ್ತಿದ್ದರು. ನಮ್ಮದು ಗಡಿಯಾರದ ಹಾಗೆ ಮುಳ್ಳಿರುವ ಮಶೀನು, ಬಸ್ಸಿನಲ್ಲಿ ಕುಕ್ಕಿ ಕುಕ್ಕಿ ಅದರ ಮುಳ್ಳು ಸರಿಯುವುದುಂಟು. ಅಣ್ಣಾರ ಕೈಯಲ್ಲಿ ಇಪ್ಪತ್ತು ವರ್ಷದಿಂದ ನೂರಿಪ್ಪತ್ತು ಎಂಬತ್ತು ಬರುತ್ತಿತ್ತು. ಅಷ್ಟು ಬಂದರೆ ಮಶೀನು ಸರಿ ಇದೆ ಅಂತ ಅರ್ಥ. ರಿಜಿಸ್ಟರಿನ ಮೊದಲ ಸಾಲಿನಲ್ಲಿ 'ಮಶೀನು ಸರಿ' ಅಂತ ನಾನು ಬರೆಯುತ್ತಿದ್ದೆ.

ಶಿವರಾತ್ರಿಯ ಆಚೆ ಈಚೆ ಅದು ಹೆಚ್ಚು ತೋರಿಸತೊಡಗಿತು. ನೂರಾ ನಲವತ್ತು. ಅಣ್ಣಾರು ಮಶೀನು ಬಿಚ್ಚಿದರು, ಊದಿದರು, ರಬ್ಬರ್ ನಳಿಕೆ ಬದಲಿಸಿದರು. ಮರುದಿನವೂ ಅಷ್ಟೇ. ರಿಪೇರಿಗೆ ಹೈದರಾಬಾದಿಗೆ ಕಳಿಸಬೇಕು, ಕಳಿಸಿದರೆ ಎರಡು ತಿಂಗಳು ಕ್ಯಾಂಪು ಬಂದ್. ಜನ ಅಷ್ಟರಲ್ಲಿ ದುಡಿಯಲು ಊರು ಬಿಟ್ಟಿರುತ್ತಾರೆ. ನಾನು ಒಮ್ಮೆ, ಜರಾ ಐದು ಮಿನಿಟು ಕೂತು ನೋಡಿಕೊಳ್ಳಿರಿ, ಈಗಷ್ಟೇ ಓಡಿ ಬಂದಿದ್ದೀರಿ ಅಂದೆ. ಅವರು ನಿಂತುಕೊಂಡೇ ಪಟ್ಟಿ ಬಿಚ್ಚುತ್ತ ನಕ್ಕರು.

"ನಂದು ಬಿ.ಪಿ. ನೋಡ್ಲಿಕತ್ತಿಲ್ರಿ ಅಕ್ಕೋರೆ, ಮಶೀನಿಂದು ನೋಡ್ಲಿಕತ್ತೇನಿ. ಇಪ್ಪತ್ತು ಜಾಸ್ತಿ ತೋರ್ಸ್ತದ ಇದು. ಇವತ್ತಿನಿಂದ ಎಲ್ಲರಿಗೂ ಇಪ್ಪತ್ತು ಕಳೆದು ಬರೀರಿ."

ಕಳೆದು ಬರೆದೆ. ಎರಡೂವರೆ ತಿಂಗಳು ಬರೆದೆ. ನೂರಾ ಐವತ್ತೈದು ಬಂದವರಿಗೆ ನೂರಾ ಮೂವತ್ತೈದು. ನೂರಾ ನಲವತ್ತು ದಾಟಿದವರನ್ನು ಮೇಡಂ ಹತ್ತಿರ ಕಳಿಸಬೇಕಿತ್ತು. ದಾಟದವರಿಗೆ ಅಣ್ಣಾರು ತೋಳು ತಟ್ಟಿ, ಚೊಲೊ ಅದ, ಹೋಗ್ರಿ ಅನ್ನುತ್ತಿದ್ದರು. ಬಂದವರು ನಗುತ್ತ ಏಳುತ್ತಿದ್ದರು. ನಮ್ಮ ದವಾಖಾನೆಯಲ್ಲಿ ಯಾರೂ ಈ ಮನುಷ್ಯನಿಗೆ ಬಿ.ಪಿ. ಇರಬಹುದು ಅಂದುಕೊಳ್ಳಲಿಲ್ಲ. ಕಡ್ಡಿಯಂಥ ಮೈ. ಅವರ ಅಪ್ಪ ಐವತ್ತೆಂಟಕ್ಕೆ ಕಟ್ಟೆಯ ಮೇಲೆ ಕೂತಲ್ಲೇ ಹೋಗಿದ್ದರಂತೆ. ಪುಣ್ಯವಂತ, ಒಬ್ಬರ ಕೈಲಿ ನೀರು ತರಿಸಿಕೊಳ್ಳಲಿಲ್ಲ ಅಂತ ಅಭಿಮಾನದಿಂದ ಹೇಳುತ್ತಿದ್ದರು. ಅದನ್ನೂ ಎಷ್ಟೋ ಸಲ ಕೇಳಿದ್ದೆ.

ಏಪ್ರಿಲ್ ಕೊನೆಗೆ, ಔರಾದ ಆಚೆಯ ಹಳ್ಳಿಯೊಂದರ ಕನ್ನಡ ಸಾಲಿಯ ಪಡಸಾಲೆಯಲ್ಲಿ ಕ್ಯಾಂಪು. ಥರ್ಮಾಸ್ ಹಿಡಿದು ಓಡಿ ಬಂದರು, ಕೆಳಗಿಟ್ಟರು. ಒಬ್ಬ ಮುದುಕನಿಗೆ ಕುಂಡ್ರಿ ಕಾಕಾ ಅಂತ ಹೇಳಲು ಹೋದವರ ಬಾಯಿ ಒಂದು ಕಡೆ ಜಾರಿತು. ಬಲಗಾಲು ಮಡಚಿತು. ಐಸು ನೆಲದ ತುಂಬ ಚೆಲ್ಲಿತು, ನಿಂತ ಮಕ್ಕಳು ಆರಿಸಿಕೊಂಡು ಬಾಯಿಗೆ ಹಾಕಿಕೊಂಡವು.

ಜೀಪಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಊರಿನ ಸಿಸ್ಟರ್ ಅದೇ ಮಶೀನು ಕಟ್ಟಿದರು. ಇನ್ನೂರಾ ಹತ್ತು ಅಂದರು. ನಾನು ಹೇಳಿದ ಮಾತು ಇದು, ನನ್ನ ಬಾಯಿಂದಲೇ ಬಂದದ್ದು: "ಇಪ್ಪತ್ತು ಕಳೀರಿ ಸಿಸ್ಟರ್."

ಅವರು ನನ್ನ ಮುಖ ನೋಡಿದರು. ಇನ್ನೂರಾ ಹತ್ತು ಅಂತಲೇ ಬರೆದುಕೊಂಡರು.

ಬೀದರಿನ ಆಸ್ಪತ್ರೆಯಲ್ಲಿ ಮೇಡಂ ಬಂದು ನಮ್ಮ ಮಶೀನನ್ನೂ ಅಲ್ಲಿಯ ಮಶೀನನ್ನೂ ಅಣ್ಣಾರ ಒಂದೇ ಕೈಗೆ ಒಂದಾದ ಮೇಲೆ ಒಂದು ಕಟ್ಟಿ ನೋಡಿದರು. ಎರಡೂ ಒಂದೇ. ಆಮೇಲೆ ನನ್ನ ಕೈಗೆ ಕಟ್ಟಿದರು. ಎರಡೂ ಒಂದೇ. ನಮ್ಮ ಮಶೀನು ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಅಣ್ಣಾರ ಜೀವ ಉಳಿಯಿತು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಭಾಲ್ಕಿಯ ಮನೆಗೆ ಕರೆತಂದರು. ಎಂಟು ದಿನದ ಮೇಲೆ ನಾನು ಹೋದಾಗ ಅವರ ಹೆಂಡತಿ, ನಾವು ವೈನಿ ಅನ್ನುತ್ತೇವೆ, ಬಾಗಿಲಲ್ಲೇ ಗೋಳಾಡಿದರು. ಎರಡು ಬೆರಳು ತೋರಿಸುತ್ತಾರೆ, ಆಮೇಲೆ ಮುಷ್ಟಿ ಹಿಡಿಯುತ್ತಾರೆ, ದಿನವಿಡೀ ಇದೇ. ಎರಡು ದಿಂಬು ಕೊಟ್ಟೆ, ಎರಡು ರೊಟ್ಟಿ ತಂದೆ, ಬೇರೆ ಊರಿಗೆ ಕೊಟ್ಟ ಇಬ್ಬರು ಹೆಣ್ಣುಮಕ್ಕಳನ್ನೂ ಕರೆಸಿದೆ, ಯಾವುದಕ್ಕೂ ಹೂಂ ಅನ್ನುವುದಿಲ್ಲ, ಸಿಟ್ಟಿಗೆದ್ದು ಅಳುತ್ತಾರೆ ಅಂದರು. ಒಳಗೆ ಹೋದೆ. ನನ್ನನ್ನು ನೋಡಿದ ಕೂಡಲೇ ಎಡಗೈ ಎತ್ತಿದರು. ಎರಡು ಬೆರಳು. ಆಮೇಲೆ ಮುಷ್ಟಿ. ಎರಡು, ಸೊನ್ನೆ.

"ಇಪ್ಪತ್ತೇನ್ರಿ ಅಣ್ಣಾರ?" ಅಂದೆ.

ಅವರ ಗಂಟಲಿನಿಂದ ಒಂದು ದನಿ ಬಂತು. ಅಂಥ ದನಿಯನ್ನು ನಾನು ಮತ್ತೆ ಕೇಳಲಾರೆ. ಮಲಗಿದಲ್ಲೇ ಅವರಿಗೆ ಎಲ್ಲ ತಿಳಿದಿತ್ತು. ಮಶೀನು ಸರಿ ಇತ್ತು ಅನ್ನುವುದು ತಿಳಿದಿತ್ತು, ಹಾಗಾದರೆ ಕಳೆದದ್ದು ಏನು ಅನ್ನುವುದೂ ತಿಳಿದಿತ್ತು. ತಮ್ಮ ಬಿ.ಪಿ.ಯನ್ನು ಊರವರ ಲೆಕ್ಕದಿಂದ ಕಳೆದಿದ್ದರು. ಅವರಿಗಿದ್ದದ್ದು ಆ ಒಂದೇ ಹಂಬಲ. ಕಳೆದದ್ದನ್ನು ತಿರುಗಿ ಕೂಡಿಸಬೇಕು, ತಾವು ತೋಳು ತಟ್ಟಿ ಕಳಿಸಿದವರನ್ನು ಹುಡುಕಿ ಹೇಳಬೇಕು.

ರಿಜಿಸ್ಟರ್ ತೆಗೆದು ಇಪ್ಪತ್ತು ಕೂಡಿಸುತ್ತ ಹೋದೆ. ನೂರಾ ನಲವತ್ತು ದಾಟುವವರು, ಆದರೆ ನಾವು ಮನೆಗೆ ಕಳಿಸಿದವರು, ನಲವತ್ತೊಂದು ಮಂದಿ ಬಂದರು. ಮೇಡಂ ಬೈಯಲಿಲ್ಲ, ಹುಡುಕಿರಿ ಅಂದರು. ಆದರೆ ಆ ಹೊತ್ತಿಗೆ ಊರುಗಳು ಖಾಲಿ. ಯಾರೋ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ, ಯಾರೋ ಪುಣೆ ಕಡೆ. ಕೀಲಿ ಹಾಕಿದ ಬಾಗಿಲ ಮುಂದೆ ನಿಂತು ಪಕ್ಕದ ಮನೆಯವರನ್ನು ಕೇಳುತ್ತಿದ್ದೆ. ಒಂಬತ್ತು ಮಂದಿ ಬೀದರ ಹತ್ತಿರದ ಕೊಳಾರದ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದರು. ಗೇಟಿನ ಹೊರಗೆ ಚಹಾದ ಡಬ್ಬಿ ಅಂಗಡಿಯ ಬೆಂಚಿನ ಮೇಲೆ ಒಬ್ಬೊಬ್ಬರನ್ನೇ ಐದು ಮಿನಿಟು ಕೂಡಿಸಿ ನೋಡಿದೆ. ಅವರಿಗೆ ಕೆಲಸ ಹಚ್ಚುವ ಮುಕಾದಮ ಗದರಿದ. ನೀವೂ ಕುಂಡ್ರಿ ಅಂದೆ, ಕೂತ. ಅವನದೂ ಹೆಚ್ಚಿತ್ತು. ಕಬ್ಬು ಕಡಿಯಲು ಹೋದವರು ತಿರುಗಿ ಬರುವ ತನಕ ಕಾಯಬೇಕಾಯಿತು.

ಹದಿನೈದು ದಿನಕ್ಕೊಮ್ಮೆ ಭಾಲ್ಕಿಗೆ ಹೋಗಿ ಹೆಸರಿನ ಪಟ್ಟಿ ಓದುತ್ತಿದ್ದೆ. ಸಿಕ್ಕವರ ಹೆಸರಿನ ಮೇಲೆ ಅವರ ಎದುರಿಗೇ ಗೆರೆ ಎಳೆಯಬೇಕು. ಗುಳಿಗೆ ಶುರುವಾಯಿತು, ಈಗ ಇಷ್ಟಿದೆ ಅಂತ ಹೇಳಬೇಕು. ಕಣ್ಣು ಮುಚ್ಚಿ ಕೇಳುತ್ತಿದ್ದರು. ಇಬ್ಬರ ಸುದ್ದಿಯನ್ನು ನಾನು ಬದಲಿಸಿ ಹೇಳಿದೆ. ಒಬ್ಬನಿಗೆ ಲಕ್ವಾ ಹೊಡೆದು ಕೈ ಎಳೆದಿತ್ತು, ಒಬ್ಬಾಕೆ ಪುಣೆಯಲ್ಲೇ ತೀರಿಕೊಂಡಿದ್ದಳು. ಯಾವುದರಿಂದ ಅಂತ ಅವಳ ಮನೆಯವರಿಗೂ ಗೊತ್ತಿರಲಿಲ್ಲ. ಸಿಕ್ಕರು, ಅಷ್ಟೇ ಅಂದೆ. ಅಣ್ಣಾರು ಕಣ್ಣು ತೆರೆದು ಬಹಳ ಹೊತ್ತು ನನ್ನನ್ನು ನೋಡಿದರು. ಅವರ ಮುಂದೆ ಸುಳ್ಳು ಹೇಳುವುದು ಸುಲಭವಿರಲಿಲ್ಲ, ಜನ ಮೌನವಾಗಿದ್ದಾಗ ನೋಡಿ ನೋಡಿ ಕಲಿತ ಕಣ್ಣು.

ಕೊನೆಗೆ ಒಂದೇ ಹೆಸರು ಉಳಿಯಿತು. ಔರಾದ ಕಡೆಯ ಕುರಿಯವರ ಮನೆಯ ಹೆಣ್ಣುಮಗಳು, ನಲವತ್ತರ ಒಳಗಿನವಳು. ಮೇವು ಹುಡುಕಿಕೊಂಡು ಮನೆಮಂದಿಯೆಲ್ಲ ಕುರಿಯ ಹಿಂದೆ ತೆಲಂಗಾಣದ ಕಡೆ ನಡೆದಿದ್ದರು. ಕುರಿ ಎಲ್ಲಿ ಮೇಯುತ್ತದೋ ಅಲ್ಲಿ ಅವರು. ನಾಲ್ಕು ಸಲ ಹೋದೆ, ನಾಲ್ಕೂ ಸಲ ಬರೀ ಕೀಲಿ.

ಕಡೆಯ ಸಲ ಭಾಲ್ಕಿಗೆ ಹೋದಾಗ ಅಣ್ಣಾರಿಗೆ ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲ. ಎಡಗೈ ಎತ್ತಲಾಗದೆ ಹಾಸಿಗೆಯ ಮೇಲೇ ಎರಡು ಬೆರಳು ಬಿಚ್ಚಿ, ಮುಷ್ಟಿ ಹಿಡಿದರು. ನಾನು ಪಟ್ಟಿ ತೆಗೆದೆ. ಆ ಕೊನೆಯ ಹೆಸರನ್ನು ಗಟ್ಟಿಯಾಗಿ ಓದಿದೆ, ಅದರ ಮೇಲೆ ಗೆರೆ ಎಳೆದೆ.

"ಎಲ್ಲಾರೂ ಸಿಕ್ಕರು ಅಣ್ಣಾರ. ಯಾರೂ ಉಳಿದಿಲ್ಲ."

ಮರುದಿನ ಮುಂಜಾನೆ ಹೋಗಿಬಿಟ್ಟರು. ಮಣ್ಣಿಗೆ ಹೋದಾಗ ವೈನಿ ನನ್ನ ಕೈ ಹಿಡಿದು, ನೀವು ಹೋದ ಮ್ಯಾಲ ಮುಷ್ಟಿ ಬಿಚ್ಚೇ ಮಲಗಿದ್ರು ಅಕ್ಕೋರೆ, ಒಂದು ವರ್ಷದಾಗ ಹಂಗ ಮಲಗಿದ್ದು ನಾ ನೋಡಿದ್ದಿಲ್ಲ ಅಂದರು. ನಾನು ತಲೆ ಎತ್ತಲಿಲ್ಲ.

ಅವರು ಹೋದ ನಾಲ್ಕನೆಯ ದಿನಕ್ಕೆ ಮಳೆ ಬಂತು. ಮತ್ತೆರಡು ದಿನಕ್ಕೆ ಇನ್ನೊಂದು. ಮಳೆ ಬಿದ್ದರೆ ಕುರಿಯವರು ತಿರುಗುತ್ತಾರೆ ಅಂತ ಲೆಕ್ಕ ಹಾಕಿ ಇವತ್ತು ಹೋದೆ. ಕೀಲಿ ತೆಗೆದಿತ್ತು.

ಅವಳು ಅಂಗಳದಲ್ಲಿ ಪಲ್ಯದ ಸೊಪ್ಪು ಬಿಡಿಸುತ್ತಿದ್ದಳು. ಇನ್ನಷ್ಟು ಸೊರಗಿದ್ದಳು. ನನ್ನ ಗುರುತು ಹಿಡಿದಳು, ನನಗಿಂತ ಮೊದಲು ಮಶೀನಿನ ಚೀಲದ ಗುರುತು ಹಿಡಿದಳು. ಗೋಡೆಗೆ ಬೆನ್ನು ಹಚ್ಚಿ ತಾನೇ ಕೂತಳು, ಕಾಲು ಬೇರೆ ಬೇರೆ ಇಟ್ಟಳು, ಬಾಯಿ ಮುಚ್ಚಿದಳು. ಯಾರೂ ಹೇಳಬೇಕಾಗಲಿಲ್ಲ. ಐದು ಮಿನಿಟು ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಪಟ್ಟಿ ಸುತ್ತಿದೆ. ನೂರಾ ಅರವತ್ತೆಂಟು. ಹೋದ ವರ್ಷ ನಾವು ತಪ್ಪು ಬರೆದಿದ್ದೆವು, ಆಗಲೂ ನಿನಗೆ ಹೆಚ್ಚೇ ಇತ್ತು, ಚೊಲೊ ಅದ ಅಂದದ್ದು ಸುಳ್ಳಾಗಿತ್ತು ಅಂತ ಎಲ್ಲ ಹೇಳಿದೆ. ನಾಳೆಯೇ ಔರಾದ ಆಸ್ಪತ್ರೆಗೆ ಹೋಗಬೇಕು, ಅಲ್ಲಿಯ ಸಿಸ್ಟರ್‌ಗೆ ಹೇಳಿ ಬಂದಿದ್ದೇನೆ ಅಂದೆ. ಅವಳು ಸಿಟ್ಟಾಗಲಿಲ್ಲ.

"ಅಣ್ಣಾ ಬರ್ಲಿಲ್ಲೇನು?" ಅಂದಳು.

ಇಲ್ಲ ಅಂದೆ. ಅವಳಿಗೆ ತಿಳಿಯಿತು. ಸ್ವಲ್ಪ ಹೊತ್ತು ಬಿಡಿಸಿದ ಪಲ್ಯವನ್ನೇ ಮತ್ತೆ ಬಿಡಿಸಿದಳು. ಆಮೇಲೆ, ವರ್ಷ ಆಯ್ತು ಅಕ್ಕಾ ಹಿಂಗ ಸುಮ್ಮ ಕುಂತು, ಅಂವ ಕೂಡಿಸಿದ್ದೇ ಕಡೀಗೆ ಅಂದಳು. ಬೇಡ ಅಂದರೂ ಬದುವಿನ ಮೇಲೆ ಹುಟ್ಟಿದ ರಾಜಗಿರಿ ಪಲ್ಯ ಎರಡು ಬೊಗಸೆ ನನ್ನ ಚೀಲಕ್ಕೆ ಹಾಕಿದಳು.

ಬಸ್ಸಿನಲ್ಲಿ ಕೂತು ಪಟ್ಟಿ ತೆಗೆದೆ. ಆ ಹೆಸರಿನ ಮೇಲೆ ಗೆರೆ ಮೊದಲೇ ಇತ್ತು. ನಾನು ಹೇಳಿದ ಸುಳ್ಳು ಹನ್ನೆರಡು ದಿನಕ್ಕೆ ಖರೆಯಾಯಿತು. ಕೇಳುವವರು ಇಲ್ಲ.

ಮನೆಗೆ ಬಂದು ಕಾಲು ತೊಳೆದೆ. ಗೋಡೆಗೆ ಬೆನ್ನು ಹಚ್ಚಿ ಐದು ಮಿನಿಟು ಕೂತು ನನ್ನ ಕೈಗೆ ಮಶೀನು ಕಟ್ಟಿಕೊಂಡೆ. ಬಂದಷ್ಟನ್ನೇ ಬರೆದೆ.

ಬಿಸಿ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ರಾಜಗಿರಿ ಪಲ್ಯ, ಅತ್ತೆಗೆ ಒಂದು ವಾಟಿ ಮೊಸರು. ಉಪ್ಪು ಕಮ್ಮಿ ಆಗ್ಯಾದ ಅಂದರು ಮನೆಯವರು. ಇರ್ಲಿ ಅಂದೆ. ಎರಡು ವರ್ಷದ ಮೇಲೆ ಹಸಿರು ಪಲ್ಯ ಅಂತ ಅತ್ತೆ ಬೋಗಾಣಿ ಒರೆಸಿ ಉಂಡರು. ಈಗ ಅತ್ತೆ ಹೊರಗೆ ಕಟ್ಟೆಯ ಮೇಲಿದ್ದಾರೆ, ಮನೆಯವರು ರೇಡಿಯೋ ಹಚ್ಚಿದ್ದಾರೆ. ಹದಿಮೂರು ತಿಂಗಳಿಂದ ಈ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಮಲಗುತ್ತಿದ್ದವಳು ನಾನು. ಇವತ್ತು ಮೊದಲು ಮಲಗುತ್ತಿದ್ದೇನೆ.